ಎರಡನೆಯ ಸಾಕ್ಷಿ

ಕಾಫಿ ಲೋಟದೊಳಗೆ ಬೀಳಲಿಲ್ಲ. ಲೋಟದಿಂದ ಒಂದು ಬೆರಳಿನಷ್ಟು ಆಚೆ, ಅಡುಗೆಕಟ್ಟೆಯ ಕಲ್ಲಿನ ಮೇಲೆ, ಕರುಣಾಕರ ಬಹಳ ಜಾಗರೂಕತೆಯಿಂದ ಕಾಫಿ ಸುರಿಯುತ್ತಿದ್ದ. ಅದು ಹರಿದು, ಅಂಚಿನಿಂದ ಇಳಿದು, ಕಾಲ್ಬೆರಳನ್ನು ಸುಟ್ಟಾಗಲೇ ಅವನಿಗೆ ಗೊತ್ತಾದದ್ದು. ಬಾಗಿಲಲ್ಲಿ ನಿಂತಿದ್ದ ಜಯಶೀಲಳಿಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು.

"ರೀ, ಎಡಗಣ್ಣು ಮುಚ್ಚಿ."

"ಪಾತ್ರೆ ಬಿಸಿ ಇತ್ತು ಕಣೇ, ಕೈ ಜಾರ್ತು."

"ಎಡಗಣ್ಣು ಮುಚ್ಚಿ ಅಂದೆ."

ಅವನು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡ. ಆಪರೇಷನ್ ಆದ ಬಲಗಣ್ಣು ಅವಳ ಕಡೆಗೇ ತೆರೆದಿತ್ತು.

"ಎಷ್ಟು ಬೆರಳು?"

"ಮೂರು."

ಅವಳು ಬೆರಳೇ ಎತ್ತಿರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಇತ್ತು, ಅಷ್ಟೆ. ಜಯಶೀಲ ಬಗ್ಗಿ ನೆಲ ಒರೆಸಿದಳು. ಅದೇ ಬಟ್ಟೆಯಿಂದ ಅವನ ಕಾಲನ್ನೂ ಒರೆಸಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಹೋದ ಭಾನುವಾರವಷ್ಟೇ ಅವಳು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದಳು. ಮೂಡಲಪಾಳ್ಯದ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಪ್ರಸಂಗಕ್ಕೆ ಮೊದಲು ಸಾಕ್ಷಿಯ ಹೊತ್ತು ಅಂತ ಒಂದಿದೆ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಉಳಿದವರು "ಸ್ತೋತ್ರ" ಅನ್ನಬೇಕು. ಕಳೆದುಹೋದ ಬೀಗದ ಕೈ ಸಿಕ್ಕಿದ್ದಕ್ಕೆ ನಿಲ್ಲುವವರಿದ್ದಾರೆ. ಗ್ಯಾಸ್ ಸಿಲಿಂಡರ್ ಹೇಳಿದ ದಿನವೇ ಬಂತೆಂದು ಕಣ್ಣೀರು ಹಾಕಿದವರೂ ಇದ್ದಾರೆ. ಜಯಶೀಲ ಮಾತ್ರ ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಎದ್ದವಳಲ್ಲ. ಮೈಕ್ ಕಂಡರೆ ಅವಳ ನಾಲಗೆ ಒಣಗುತ್ತಿತ್ತು. ಆದರೆ ಗಂಡನ ಕಣ್ಣಿನ ಪರದೆ ಹರಿದ ದಿನ ಹರಕೆ ಹೊತ್ತಿದ್ದಳು, ಈ ಕಣ್ಣು ಬಂದರೆ ಎದ್ದು ನಿಂತು ಹೇಳುತ್ತೇನೆ ಎಂದು. ಶುಕ್ರವಾರದ ಚೆಕಪ್ಪಿನಲ್ಲಿ ಡಾಕ್ಟರ ಕೋಣೆಯಿಂದ ಹೊರಬಂದ ಕರುಣಾಕರ "ಬರ್ತಾ ಇದೆ" ಅಂದಿದ್ದ. ಭಾನುವಾರ ಅವಳು ಎದ್ದು ನಿಂತಿದ್ದಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತ್ತು.

"ಡಾಕ್ಟರ್ ನಿಜವಾಗಿ ಏನಂದ್ರು?" ನೆಲದ ಮೇಲಿಂದಲೇ ಕೇಳಿದಳು.

"ಬಲಗಣ್ಣು ಇನ್ನು ಬರಲ್ಲ ಅಂದ್ರು. ನೀನು ಕಾರಿಡಾರ್‌ನಲ್ಲಿ ಕರ್ಚೀಫ್ ಹಿಂಡ್ತಾ ನಿಂತಿದ್ದೆ. ಆ ಮುಖಕ್ಕೆ ಇಲ್ಲ ಅನ್ನೋಕಾಗ್ಲಿಲ್ಲ ಕಣೇ. ನಿಧಾನಕ್ಕೆ ಹೇಳೋಣ ಅಂದ್ಕೊಂಡೆ. ನೀನು ನೋಡಿದ್ರೆ ಎರಡೇ ದಿನಕ್ಕೆ ಎದ್ದು ನಿಂತ್ಬಿಟ್ಟೆ."

"ಒಂದನೇ ತಾರೀಕು ಸ್ಕೂಲ್ ವ್ಯಾನ್ ಹತ್ತಬೇಕಲ್ಲ? ಮಕ್ಕಳನ್ನ ಕೂರಿಸ್ಕೊಂಡು ಹಿಂಗೇ ಓಡಿಸ್ತಿದ್ರಾ?"

"ಛೆ ಛೆ! ಓನರ್‌ಗೆ ಅವತ್ತೇ ಫೋನ್ ಮಾಡಿ, ಆಗಲ್ಲ ಸಾರ್, ಬೇರೆಯೋರನ್ನ ನೋಡ್ಕೊಳ್ಳಿ ಅಂದೆ."

"ಓನರ್‌ಗೆ ನಿಜ, ನಂಗೆ ಸುಳ್ಳು. ನಾನು ಹೋಗಿ ಅದನ್ನ ದೇವರ ಮುಂದೆ ಹೇಳಿ ಬಂದೆ."

"ಸುಳ್ಳು ನಂದು ಶೀಲಾ, ನಿಂದಲ್ಲ."

"ಬಾಯಿ ನಂದಲ್ವಾ?"

ಜಯಶೀಲ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ದೇವರೊಂದಿಗೆ ಜಗಳವಾಡುವುದಕ್ಕೆ ಅವಳಿಗೆ ಆ ಹೊತ್ತೇ ಅನುಕೂಲ. ಕೈ ತನ್ನಷ್ಟಕ್ಕೆ ಹೊಲಿಯುತ್ತಿರುತ್ತದೆ. ಆ ಮಧ್ಯಾಹ್ನ ಚೆನ್ನಾಗಿಯೇ ಜಗಳವಾಡಿದಳು. ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಕೇಳಿದೆ, ಅದನ್ನೂ ಕೊಡಲಿಲ್ಲ ಅಂದಳು. ಕೊಡದಿದ್ದರೆ ಹೋಗಲಿ, ಎಲ್ಲರ ಮುಂದೆ ನಿಲ್ಲಿಸಿ ಯಾಕೆ ನಗೆಪಾಟಲು ಮಾಡಿದೆ ಅಂದಳು. ಎರಡು ಸಲ ಸೂಜಿ ಚುಚ್ಚಿತು.

ಸಂಜೆ ನೀಲಮ್ಮ ಬಂದಳು. ಹಿಂದಿನ ಕ್ರಾಸ್‌ನಲ್ಲಿ ಒಬ್ಬಳೇ ಇರುವ ವಿಧವೆ; ಸಭೆಯಲ್ಲಿ ಜಯಶೀಲಳ ಪಕ್ಕದಲ್ಲೇ ಕೂರುವವಳು. ಕೈಯಲ್ಲಿ ಹೊಸ ನೈಟಿ.

"ಇದನ್ನ ನಾಲ್ಕು ಬೆರಳು ಗಿಡ್ಡ ಮಾಡ್ಕೊಡೇ ಶೀಲಾ. ಸೋಮವಾರ ಅಡ್ಮಿಟ್ ಆಗ್ತಾ ಇದೀನಿ."

"ಆಪರೇಷನ್‌ಗಾ ಆಂಟಿ?" ಜಯಶೀಲಳ ಕೈ ನಿಂತಿತು. ನೀಲಮ್ಮನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಎಲ್ಲರಿಗೂ ಗೊತ್ತಿತ್ತು. ಹೆದರಿಕೊಂಡು ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಿದ್ದದ್ದೂ ಗೊತ್ತಿತ್ತು.

"ಹೂಂ. ನಿನ್ನ ಸಾಕ್ಷಿ ಕೇಳಿದ್ಮೇಲೇ ಧೈರ್ಯ ಬಂದಿದ್ದು. ಕರುಣಾಕರನ ಕಣ್ಣು ಕೊಟ್ಟ ದೇವರು ನನ್ನನ್ನ ಟೇಬಲ್ ಮೇಲೆ ಬಿಟ್ಬಿಡ್ತಾನಾ?"

ಜಯಶೀಲ ಬಾಯಿ ತೆರೆದಳು. ಒಳಕೋಣೆಯಲ್ಲಿ ಕರುಣಾಕರ ಕೆಮ್ಮಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನೀಲಮ್ಮ ನೈಟಿ ಕೊಟ್ಟು, ಭಾನುವಾರ ಸಭೆಗೇ ತಂದುಕೊಡು, ಅಲ್ಲಿಯವರೆಗೆ ಬ್ಯಾಡರಹಳ್ಳಿಯ ಮಗಳ ಮನೆಯಲ್ಲಿರುತ್ತೇನೆ ಎಂದು ಹೇಳಿ ಹೋದಳು. ಜಯಶೀಲಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಶನಿವಾರ ಅವಳು ಅಯ್ಯನವರನ್ನು ನೋಡಲು ಹೋದಳು. ಸಭಾಪಾಲಕರನ್ನು ಎಲ್ಲರೂ ಕರೆಯುವುದು ಹಾಗೆಯೇ. ಮರುದಿನ ಸಭೆಯಲ್ಲಿ ಬೆಳೆ ಅರ್ಪಿಸುವ ಸುಗ್ಗಿ ಹಬ್ಬ. ಅಯ್ಯನವರು ಪ್ಯಾಂಟ್ ಮಡಚಿಕೊಂಡು, ಸ್ಟೂಲ್ ಹತ್ತಿ, ಕಂಬಕ್ಕೆ ಕಬ್ಬು ಕಟ್ಟುತ್ತಿದ್ದರು. ಅವಳ ಮಾತು ಮುಗಿಯುವ ಹೊತ್ತಿಗೆ ಕೆಳಗಿಳಿದು ಸ್ಟೂಲಿನ ಮೇಲೆ ಕೂತಿದ್ದರು.

"ನಿಮ್ಮದೇನೂ ತಪ್ಪಿಲ್ಲಮ್ಮ. ಆದ್ರೆ ಒಂದು ವಾರ ತಡ್ಕೊಳ್ಳಿ. ನೀಲಮ್ಮನೋರ ಆಪರೇಷನ್ ಮುಗೀಲಿ. ಈಗ ಹೇಳಿದ್ರೆ ಅವರು ಆಸ್ಪತ್ರೆ ಕಡೆ ತಲೆ ಹಾಕಲ್ಲ."

"ಆಮೇಲೆ ಹೇಳಿದ್ರೆ, ನನ್ನ ಸುಳ್ಳನ್ನ ನಂಬ್ಕೊಂಡು ಆ ಟೇಬಲ್ ಮೇಲೆ ಮಲಗಿದ ಹಾಗಾಯ್ತಲ್ಲ ಅಯ್ಯನವರೇ."

"ಹೋಗದೇ ಇದ್ರೆ?"

"ಹೋಗಿ ಅಂತ ಕಾಲು ಹಿಡ್ಕೋತೀನಿ. ಆದ್ರೆ ನಿಜ ಹೇಳಿ ಹಿಡ್ಕೋತೀನಿ. ಎಲ್ಲರ ಮುಂದೆ ಹೇಳಿದ್ದು, ಎಲ್ಲರ ಮುಂದೇನೇ ವಾಪಸ್ ತಗೋಬೇಕು."

ಅಯ್ಯನವರು ಕೈಗಂಟಿದ್ದ ಸೆಣಬಿನ ನಾರನ್ನು ಒಂದೊಂದಾಗಿ ಬಿಡಿಸಿ ತೆಗೆದರು. "ನಾಳೆ ಮೊದಲನೇ ಸಾಕ್ಷಿ ನಿಮ್ಮದೇ," ಅಂದರು.

ಭಾನುವಾರ ವೇದಿಕೆಯ ತುಂಬ ಕುಂಬಳಕಾಯಿ, ಬಾಳೆಗೊನೆ, ರಾಗಿತೆನೆ. ಆರಾಧನೆ ಮುಗಿದ ಮೇಲೆ ಇವೆಲ್ಲ ಹರಾಜಾಗುತ್ತವೆ. ಯಾರೋ ಅರ್ಪಿಸಿದ ನಾಟಿಕೋಳಿಯೊಂದು ಕಾಲು ಕಟ್ಟಿಸಿಕೊಂಡು ಮೊದಲ ಬೆಂಚಿನ ಕೆಳಗೆ ಕೂತಿತ್ತು. ನಾನು ಬರುವುದಿಲ್ಲ ಅಂದಿದ್ದ ಕರುಣಾಕರನೂ ಬಂದು ಗಂಡಸರ ಸಾಲಿನ ಕೊನೆಯಲ್ಲಿ ಕೂತಿದ್ದ. ನೈಟಿಯ ಕವರನ್ನು ಮಡಿಲಲ್ಲಿಟ್ಟುಕೊಂಡು ನೀಲಮ್ಮ ಜಯಶೀಲಳ ಕೈ ಅದುಮಿದಳು. ಜಯಶೀಲ ಆ ಕೈ ಬಿಡಿಸಿಕೊಂಡು ಮೈಕಿನ ಕಡೆ ನಡೆದಳು.

"ಹೋದ ಭಾನುವಾರ ಇಲ್ಲೇ ನಿಂತು, ನಮ್ಮೆಜಮಾನ್ರ ಕಣ್ಣು ಬಂತು ಅಂದೆ. ಬಂದಿಲ್ಲ. ಬರಲ್ಲ ಅಂತ ಡಾಕ್ಟರ್ ಹೇಳಿದಾರೆ. ತಪ್ಪು ಸಾಕ್ಷಿ ಹೇಳಿದೆ, ಕ್ಷಮಿಸಿ."

ಕೋಳಿ ಬೆಂಚಿನ ಕೆಳಗೆ ರೆಕ್ಕೆ ಬಡಿಯಿತು. ಜಯಶೀಲ ನೀಲಮ್ಮನ ಕಡೆ ನೋಡಲಿಲ್ಲ. ನೋಡಿದರೆ ಮಾತು ನಿಂತುಹೋಗುತ್ತಿತ್ತು.

"ಕಣ್ಣು ಬಂದ್ರೆ ಸ್ತೋತ್ರ ಹೇಳ್ತೀನಿ ಅಂತ ಹರಕೆ ಇತ್ತು. ಬರದೇ ಇದ್ರೆ ಏನು ಹೇಳೋದು ಅಂತ ಯೋಚನೆ ಮಾಡಿರ್ಲಿಲ್ಲ. ನಾಲ್ಕು ದಿನ ದೇವರ ಜೊತೆ ಜಗಳ ಆಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಇವತ್ತು ಬೆಳಗ್ಗೆ ಇವರು ಮತ್ತೆ ಕಾಫಿ ಚೆಲ್ಲಿದ್ರು. ಬೈದೆ. ಲೋಟ ಇಷ್ಟು ದೂರ ಹೋಗುತ್ತೆ ಅಂತ ನಂಗೇನು ಗೊತ್ತು ಅಂದ್ರು. ಇಬ್ರಿಗೂ ನಗು ಬಂತು. ಹೊಟ್ಟೆ ಹಿಡ್ಕೊಂಡು ನಕ್ವಿ. ಕೆಲಸ ಹೋಗಿದೆ, ಕಣ್ಣು ಹೋಗಿದೆ, ಈ ನಗು ಎಲ್ಲಿಂದ ಬಂತೋ. ನಾನಂತೂ ತಂದಿದ್ದಲ್ಲ, ಅವರೂ ತಂದಿದ್ದಲ್ಲ. ಅದಕ್ಕೆ ಸ್ತೋತ್ರ ಹೇಳೋಕೆ ನಿಂತಿದೀನಿ. ನಾನು ಆತನನ್ನ ನಂಬ್ತೀನಿ. ಹೋದ ವಾರ ಕಣ್ಣು ಬಂತಲ್ಲ ಅಂತ ನಂಬಿದ್ದೆ. ಈ ವಾರ ಸುಮ್ನೆ ನಂಬ್ತೀನಿ."

"ಸ್ತೋತ್ರ" ಅನ್ನಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸರ ಸಾಲಿನ ಕೊನೆಯಲ್ಲಿ ಕರುಣಾಕರ ಎದ್ದು ನಿಂತ. "ಸುಳ್ಳು ಹೇಳಿದ್ದು ಅವಳಲ್ಲ, ನಾನು," ಅಂದು ಕೂತುಬಿಟ್ಟ. ಅಯ್ಯನವರೇ ಮೊದಲು "ಸ್ತೋತ್ರ" ಅಂದರು. ನಾಲ್ಕಾರು ದನಿಗಳು ಕೂಡಿಕೊಂಡವು.

ಜಯಶೀಲ ಹಿಂತಿರುಗಿ ನೋಡಿದಾಗ ನೀಲಮ್ಮ ಕೂತಿದ್ದ ಜಾಗ ಖಾಲಿಯಾಗಿತ್ತು. ಹರಾಜು ಶುರುವಾಗುವ ಮೊದಲೇ ಅವಳು ನೀಲಮ್ಮನ ಮನೆಗೆ ಓಡಿದಳು. ಒಳಗೆ ಫ್ಯಾನ್ ತಿರುಗುತ್ತಿದ್ದ ಸದ್ದಿತ್ತು. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ.

"ಆಂಟಿ, ಬೈಯ್ರಿ, ಬೇಕಾದ್ರೆ ಹೊಡೀರಿ. ಆದ್ರೆ ನಾಳೆ ಹೋಗಿ," ಎಂದು ಮುಚ್ಚಿದ ಬಾಗಿಲಿಗೇ ಹೇಳಿ ಬಂದಳು.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಗೇಟಿನ ಸದ್ದಾಯಿತು. ನೀಲಮ್ಮ ನಿಂತಿದ್ದಳು. ತಲೆ ಬಿಗಿಯಾಗಿ ಬಾಚಿದ್ದಳು, ಕೈಯಲ್ಲಿ ಬಟ್ಟೆಯ ಬ್ಯಾಗಿತ್ತು. ಗಿಡ್ಡ ಮಾಡಿದ ನೈಟಿಯ ಅಂಚು ಬ್ಯಾಗಿನ ಬಾಯಿಂದ ಇಣುಕುತ್ತಿತ್ತು.

"ಒಂದು ವಾರ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ ಆಂಟಿ."

"ಹೋದ ವಾರ ಇದ್ದ ಧೈರ್ಯ ಒಂಚೂರೂ ಉಳಿದಿಲ್ಲ."

"ಗೊತ್ತು ಆಂಟಿ."

"ನನ್ನ ಮಗಳು ಅಳುಬುರುಕಿ. ನಂಗೆ ಎಚ್ಚರ ಆದ ತಕ್ಷಣ ಎಲ್ಲಾ ಸರಿಹೋಯ್ತಮ್ಮ ಅಂತಾಳೆ, ಹೋಗಿರ್ಲಿ ಬಿಡ್ಲಿ." ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾರಿಡಾರ್‌ನಲ್ಲಿ ನೀನು ನಿಂತ್ಕೋ. ನಾನು ಕಣ್ಣು ಬಿಟ್ಟಾಗ ಏನಾಗಿದ್ರೂ ನಿಜ ಹೇಳೋರು ಒಬ್ರು ಬೇಕು."

ಜಯಶೀಲ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಕರುಣಾಕರ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ. "ಬ್ಯಾಗ್ ಇಲ್ಲಿ ಕೊಡಿ ನೀಲಮ್ಮನೋರೇ," ಎಂದು ಕೈ ಚಾಚಿದ.

ಅವನ ಕೈ, ಬ್ಯಾಗಿನ ಹಿಡಿಯಿಂದ ಒಂದು ಬೆರಳಿನಷ್ಟು ಆಚೆ ಗಾಳಿಯನ್ನು ಹಿಡಿಯಿತು. ಜಯಶೀಲ ನೆರವಿಗೆ ಹೋಗಲಿಲ್ಲ. ನೀಲಮ್ಮ ಬ್ಯಾಗನ್ನು ಅಲ್ಲಾಡಿಸದೆ ಹಾಗೇ ಎತ್ತಿ ಹಿಡಿದು ನಿಂತಳು. ಎರಡನೆಯ ಸಲಕ್ಕೆ ಅವನಿಗೆ ಅದು ಸಿಕ್ಕಿತು.