ಕನ್ನಮ್ಮಕ್ಕ ಯಾರಿಗೆ ಏನಾಗಬೇಕು

ಸುಳ್ಳು ಹೇಳಿದರೆ ಬಾಯಿಗೆ ಹುಳ ಬೀಳುತ್ತದೆ ಎನ್ನುತ್ತಾರೆ. ಪೂರ್ಣೇಶಣ್ಣನ ಬಾಯಿಗೆ ಏನೂ ಆಗಲಿಲ್ಲ. ಸುಳ್ಳು ನೇರ ಅವನ ಮನೆಯೊಳಗೇ ಬಂದು ಕೂತಿತು.

ಹೊಸನಗರದ ಹೊರಗೆ ಅವನದೊಂದು ಉಪ್ಪಿನಕಾಯಿ ಘಟಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಕೂಲಿ ಕೊಡುವ ಧಣಿ ಎಂದು ನಮಗೆಲ್ಲ ಅಣ್ಣ. ಅಲ್ಲಿ ಕನ್ನಮ್ಮಕ್ಕನದು ಮಾವಿನ ಮಿಡಿಯ ತೊಟ್ಟು ಕತ್ತರಿಸುವ ಕೆಲಸ. ಸೊನೆ ತಾಗಿ ತಾಗಿ ಅವಳ ಬೆರಳೆಲ್ಲ ಕಪ್ಪಾಗಿದ್ದವು. ನಾನು ಅವಳ ಪಕ್ಕದಲ್ಲೇ ಕೂತು ಮಿಡಿ ಆರಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಲೇಬರ್ ಇನ್ಸ್‌ಪೆಕ್ಟರ್ ಮೇಡಂ ಬಂದರು. ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯ ಬೋರ್ಡು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಬೇಕು, ಹಾಜರಿ ಪುಸ್ತಕ ಇಡಬೇಕು, ಸಂಬಳದ ಚೀಟಿ ಕೊಡಬೇಕು, ಕಡಿಮೆ ಕೂಲಿಗೆ ಕೆಲಸದವರು ಒಪ್ಪಿದ್ದರೂ ಆ ಒಪ್ಪಿಗೆ ನಡೆಯುವುದಿಲ್ಲ ಎಂದರು. ನಮ್ಮಲ್ಲಿ ಇವ್ಯಾವುದೂ ಇರಲಿಲ್ಲ.

ಮೇಡಂ ಕನ್ನಮ್ಮಕ್ಕನತ್ತ ಕೈ ತೋರಿಸಿದರು. "ಇವರು ನಿಮಗೆ ಏನಾಗ್ಬೇಕು?"

"ಚಿಕ್ಕಮ್ಮ ಆಗ್ಬೇಕು ಮೇಡಂ," ಎಂದ ಪೂರ್ಣೇಶಣ್ಣ. "ನಮ್ಮನೇಲೇ ಇರೋದು. ಇಲ್ಲಿ ಕೂಲಿಯವ್ರು ಯಾರೂ ಇಲ್ಲ, ಎಲ್ಲ ಮನೆ ಮಂದಿನೇ."

ಮನೆ ಮಂದಿಯಾದರೆ ಕೂಲಿಯ ಕಾಯ್ದೆ ತಟ್ಟುವುದಿಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಥೂ! ಕನ್ನಮ್ಮಕ್ಕ ಅವನ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದವಳು, ಬಾಗಿಲು ದಾಟಿ ಒಳಗೆ ಹೋದವಳಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳು ತಲೆ ತಗ್ಗಿಸಿ "ಹೌದು" ಎಂದಳು. ಕೆಲಸ ಹೋದರೆ ಮಗಳ ಓದು ನಿಲ್ಲುತ್ತದಲ್ಲ.

ಮಳೆ ಹಿಡಿಯುವ ಹೊತ್ತಿಗೆ ಜ್ವರ ಬಂದು ಕನ್ನಮ್ಮಕ್ಕ ತೀರಿಕೊಂಡಳು. ಹನ್ನೊಂದನೇ ದಿನ ಮಗಳು ಶಿಲ್ಪಶ್ರೀ ಹೊಳೆದಂಡೆಯಲ್ಲಿ ಎಡೆ ಇಟ್ಟಳು. ಮರದ ತುಂಬ ಕಾಗೆಗಳು, ಒಂದೂ ಕೆಳಗಿಳಿಯಲಿಲ್ಲ. "ನಿನ್ ಮಗ್ಳನ್ನ ನಾವ್ ನೋಡ್ಕೊಳ್ತೀವಿ, ಬಂದು ಉಣ್ಣು ಮಾರಾಯ್ತಿ," ಎಂದು ನಾನೂ ಕೈ ಮುಗಿದೆ. ಊಹೂಂ.

"ಅಮ್ಮಂಗೆ ನನ್ ಮೇಲೆ ಸಿಟ್ಟಾ ಶ್ಯಾಮಲಕ್ಕ?" ಎಂದು ಹುಡುಗಿ ಅತ್ತಳು.

ಮರುದಿನ ಕೆಲಸಕ್ಕೆ ಹೋದರೆ ಪೂರ್ಣೇಶಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. "ಶ್ಯಾಮಲಕ್ಕ, ನಮ್ಮನೆ ತುಂಬ ಸೊನೆ ವಾಸ್ನೆ. ಈ ಮಳೇಲಿ ಮಾವಿನ ಮಿಡಿ ಎಲ್ಲಿಂದ ಬರುತ್ತೆ? ಭವ್ಯಾ ತೊಳೆದು ಕವುಚಿಟ್ಟ ಲೋಟ ಬೆಳಗ್ಗೆ ಊಟದ ಮೇಜಿನ ಮೇಲಿರುತ್ತೆ. ಒಂದ್ಸಲ ಬಂದು ನೋಡಿ."

ಹೋದೆ. ನಾನೂ ಆ ಮನೆಯ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಹೊಸಿಲು ದಾಟುತ್ತಲೇ ಸೊನೆಯ ವಾಸನೆ ಮೂಗಿಗೆ ಹೊಡೆಯಿತು. ಮೇಜಿನ ಮೇಲೆ ಕಾಫಿ ಲೋಟ, ಅದರ ಮೈಮೇಲೆ ಕಪ್ಪು ಬೆರಳಿನ ಗುರುತು. ಅವನ ಹೆಂಡತಿ ಭವ್ಯಾ ಅಡುಗೆಮನೆಯ ಬಾಗಿಲು ಬಿಟ್ಟು ಈಚೆ ಬರಲಿಲ್ಲ. ಹೆದರಿಕೆಯ ಜೊತೆಗೇ ನನಗೆ ಸಿಟ್ಟೂ ನೆತ್ತಿಗೇರಿತು.

"ಅಲ್ಲ ಮಾರಾಯ, ಚಿಕ್ಕಮ್ಮ ಅಂದವ್ನು ನೀನು. ನಮ್ಮನೇಲೇ ಇರೋದು ಅಂದವ್ನೂ ನೀನೇ. ಬಂದಿದಾಳೆ, ಇಟ್ಕೊ! ಅಲ್ಲಿ ಹೆತ್ತ ಮಗ್ಳು ಎಡೆ ಇಟ್ಕೊಂಡು ಕಾಯ್ತಾ ಕೂತಿದಾಳೆ."

"ಈಗ ಎಂತ ಮಾಡ್ಲಿ?"

"ಯಾರತ್ರ ಸುಳ್ಳು ಹೇಳಿದ್ಯೋ ಅವ್ರತ್ರ ಹೋಗಿ ನಿಜ ಹೇಳು."

ಅವನು ಮೊದಲು ಹೋಮ ಮಾಡಿಸಿದ. ಹೊಗೆ ಹೋಯಿತು, ವಾಸನೆ ಹೋಗಲಿಲ್ಲ. ಕೊನೆಗೆ ಮೇಡಂ ಹತ್ತಿರ ಹೋಗಿ, ಕನ್ನಮ್ಮ ನನ್ನ ಚಿಕ್ಕಮ್ಮ ಅಲ್ಲ, ಕೆಲಸದವಳು ಎಂದು ಒಪ್ಪಿಕೊಂಡು ಬಂದ. ಘಟಕದ ಗೋಡೆಗೆ ಬೋರ್ಡು ಬಂತು. ನಮ್ಮೆಲ್ಲರ ಹೆಸರು ಹಾಜರಿ ಪುಸ್ತಕಕ್ಕೆ ಹತ್ತಿತು. ಕನ್ನಮ್ಮಕ್ಕನ ಬಾಕಿ ಕೂಲಿ ಮಗಳ ಕೈ ಸೇರಿತು.

ಅಮಾವಾಸ್ಯೆಗೆ ಶಿಲ್ಪಶ್ರೀ ಮತ್ತೆ ಎಡೆ ಇಟ್ಟಳು. ಪೂರ್ಣೇಶಣ್ಣನೂ ಬಂದು ಕೈ ಮುಗಿದು ನಿಂತ. "ಚಿಕ್ಕಮ್ಮ, ತಪ್ಪಾಯ್ತು..." ಎಂದ. ಕಾಗೆಗಳು ಕೊಂಬೆ ಬಿಟ್ಟು ಅಲುಗಲಿಲ್ಲ.

ಶಿಲ್ಪಶ್ರೀ ಅವನ ಕಡೆ ತಿರುಗಿದಳು. "ನಮ್ಮಮ್ಮ ನಿಮ್ಗೆ ಏನೂ ಆಗ್ಬೇಕಿಲ್ಲ. ಅದನ್ನ ಅವಳಿಗೂ ಹೇಳಿ. ಅವಳನ್ನ ಬಿಟ್ಕೊಡಿ."

ಅವನು ಎಡೆಯ ಮುಂದೆ ಬಗ್ಗಿದ. "ಕನ್ನಮ್ಮ, ನೀವು ನಮ್ಮನೆಯವ್ರಲ್ಲ. ನಮ್ಮಲ್ಲಿ ದುಡಿದವ್ರು. ನಿಮ್ಮನೆಗೆ ಹೋಗಿ."

ಒಂದು ಕಾಗೆ ಇಳಿಯಿತು. ಎಲೆಯ ಸುತ್ತ ನಡೆದು ಅನ್ನಕ್ಕೆ ಕೊಕ್ಕು ಹಾಕಿತು. ಶಿಲ್ಪಶ್ರೀ ಬಾಯಿಗೆ ಸೆರಗೊತ್ತಿಕೊಂಡು ಬಿಕ್ಕಿದಳು. "ಬಂದ್ಯಾ ಅಮ್ಮ? ನಿಧಾನಕ್ಕೆ ಉಣ್ಣು."

ಸೊನೆಯ ವಾಸನೆ ಅವತ್ತೇ ಬಿಟ್ಟಿತು ಎಂದು ಭವ್ಯಾ ಹೇಳಿದಳು. ಪೂರ್ಣೇಶಣ್ಣ ಈಗ ನಮ್ಮನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಾನೆ. ಅಕ್ಕ ಎನ್ನಲು ಅವನಿಗೆ ಹೆದರಿಕೆ.