ನಿಂತಲ್ಲೇ ಓಡುವ ಎಂಜಿನ್

ಎಂಜಿನ್ನಿನ ಸದ್ದು ಮತ್ತೆ ಏರಿತು. ಆಕ್ಸಿಲರೇಟರನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಬಹುದಾಗಿದ್ದ ಒಬ್ಬನೇ ಮನುಷ್ಯ ಬಾನೆಟ್ಟಿನೊಳಗೆ ತಲೆಹಾಕಿ, ಕಿವಿಗೆ ರಬ್ಬರ್ ಕೊಳವೆ ತುರುಕಿಕೊಂಡು ಬಗ್ಗಿದ್ದ. ಎಂಜಿನ್ ತಾನಾಗಿಯೇ ಹೂಂಕರಿಸಿತು, ತಾನಾಗಿಯೇ ಕುಗ್ಗಿತು, ಮತ್ತೆ ಹೂಂಕರಿಸಿತು. ಮಾತು ಕೇಳದ ವಿದ್ಯಾರ್ಥಿಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಅವರಿಗಾದರೆ ಅಂಕ ಕಳೆಯಬಹುದಿತ್ತು.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಯಾವ ಪ್ರಶ್ನೆಗೂ ‘ಆದಾಗ್ಯೂ’ ಎಂದೇ ಉತ್ತರ ಶುರುಮಾಡುತ್ತಿದ್ದುದರಿಂದ ಹುಡುಗರು ಅವನಿಗೆ ಆದಾಗ್ಯೂ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಬೇಜಾರು ಮಾಡಿಕೊಳ್ಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಒಳಗೊಳಗೇ ಹೆಮ್ಮೆಪಟ್ಟ.

ಸಾಧಾರಣ ಕಾರಿಗೆ ಗಾಳಿ ಒಂದೇ ಬಾಗಿಲಿನಿಂದ ಹೋಗುತ್ತದೆ. ಇದು ಸ್ಪೋರ್ಟ್ಸ್ ಕಾರು, ಹಾಗಾಗಿ ದೊಡ್ಡಸ್ತಿಕೆ ಹೆಚ್ಚು: ನಾಲ್ಕು ಸಿಲಿಂಡರಿಗೆ ನಾಲ್ಕು ಥ್ರಾಟಲ್ ಬಾಡಿ, ಒಂದೊಂದಕ್ಕೂ ತನ್ನದೇ ಬಾಗಿಲು, ತನ್ನದೇ ಸ್ಕ್ರೂ. ನಾಲ್ಕೂ ಸಮನಾಗಿ ಉಸಿರೆಳೆದರೆ ಮಾತ್ರ ಐಡಲ್ ಕೂರುತ್ತದೆ. ಅಂದರೆ ಕಾರು ಎಲ್ಲಿಗೂ ಹೋಗದೆ, ಸಾಯಲೂ ಸಾಯದೆ, ನಿಂತಲ್ಲೇ ಗುನುಗುತ್ತದೆ. ಈ ಮಹಾಸಾಧನೆಗಾಗಿ ಅವನು ಒಂದು ವರ್ಷದ ಭಾನುವಾರಗಳನ್ನೆಲ್ಲ ಧಾರೆಯೆರೆದಿದ್ದ.

ಕ್ರಮವೇನೋ ಸುಲಭ. ಮೊದಲನೆಯದನ್ನು ಆಧಾರವಾಗಿ ಇಟ್ಟುಕೊಂಡು, ಉಳಿದ ಮೂರನ್ನು ಅದರ ಸದ್ದಿಗೆ ಹೊಂದಿಸಬೇಕು. ಆಧಾರವೇ ನೆಟ್ಟಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು ಎಂಬುದನ್ನು ತರ್ಕಶಾಸ್ತ್ರದ ಮೇಷ್ಟ್ರಿಗೆ ಯಾರು ಹೇಳಿಕೊಡುತ್ತಾರೆ?

ಶೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಚಹಾ, ಹೆಗಲ ಮೇಲೆ ಒಗೆಯಲು ತೆಗೆದ ಬಟ್ಟೆ. ಅವಳು ಹಲ್ಲಿನ ಸೆಟ್ ಮಾಡುವವಳು. ಊರಿನ ಎಷ್ಟೋ ಮುದುಕರ ನಗು ಅವಳದೇ ಕೈಕೆಲಸ. ಬಂದರಿನ ಊರಿನಲ್ಲಿ ಹೊಸದಾಗಿ ತೆರೆದ ಲ್ಯಾಬಿನವರು ಅವಳನ್ನು ಮುಖ್ಯಸ್ಥೆಯಾಗಿ ಬನ್ನಿ ಎಂದು ಕರೆದಿದ್ದರು.

“ಸಾಮಾನು ಸಾಗಿಸೋಕೆ ಮಧ್ಯಾಹ್ನ ನನ್ನ ತಮ್ಮ ವ್ಯಾನ್ ತರ್ತಾನೆ.”

“ಹ್ಞೂಂ.”

“ನೀನು ಬೇಡ ಅಂದ್ರೆ ವಾಪಸ್ ಕಳಿಸ್ತೀನಿ.”

ಅವನು ಕೊಳವೆಯನ್ನು ಎರಡನೆಯ ಬಾಯಿಂದ ಮೂರನೆಯದಕ್ಕೆ ದಾಟಿಸಿದ. “ನಿನ್ನ ಜೀವನ, ನಿನ್ನ ತೀರ್ಮಾನ. ನಾನು ಅಡ್ಡ ಬರೋದು ತಪ್ಪಾಗುತ್ತೆ.”

“ಅಡ್ಡ ಬಾ ಅಂತಾನೇ ಕೇಳ್ತಿರೋದು.”

“ಆದಾಗ್ಯೂ...” ಎಂದು ಶುರುಮಾಡಿದ. ಎಂಜಿನ್ ಸಮಯಕ್ಕೆ ಸರಿಯಾಗಿ ಹೂಂಕರಿಸಿ ಅವನ ಮಾನ ಉಳಿಸಿತು.

ಅವಳಿಲ್ಲದ ಮನೆಯನ್ನು ನೆನೆದರೆ ಅವನಿಗೆ ಭಯವಾಗುತ್ತಿತ್ತು. ಬೇಡ ಎಂದುಬಿಟ್ಟರೆ ಮುಗಿಯಿತು. ಆದರೆ ಹಾಗೆ ಬೇಡಿಕೊಳ್ಳುವುದು ಪ್ರಬುದ್ಧ ಗಂಡನಿಗೆ ಒಪ್ಪುವುದಿಲ್ಲ ಎಂದು ತನ್ನನ್ನೇ ಒಪ್ಪಿಸಿಕೊಂಡ. ಹೆಂಡತಿಯ ಸ್ವಾತಂತ್ರ್ಯವನ್ನು ಅವನು ಬಹಳ ಗೌರವಿಸುತ್ತಿದ್ದ. ಅದರಿಂದ ಬಾಯಿ ಬಿಡುವ ಶ್ರಮ ಉಳಿಯುತ್ತಿತ್ತು.

“ನಿನ್ನ ನಿನ್ನೆಯ ಅಂಗಿ ಜೇಬಲ್ಲಿ ಇದಿತ್ತು,” ಎಂದು ಅವಳು ಗೋಲಿ ಗಾತ್ರದ ಒಂದು ಕಪ್ಪು ರಬ್ಬರ್ ಟೊಪ್ಪಿಯನ್ನು ಚಾಚಿದಳು. “ಬೇಕಾಗಿತ್ತಾ?”

“ಅಲ್ಲಿಡು. ಆಮೇಲೆ ನೋಡ್ತೀನಿ.”

“ಯಾವುದನ್ನ?”

“ಎಲ್ಲಾನೂ. ಇದೊಂದು ಐಡಲ್ ಕೂತ್ಕೊಳ್ಳಲಿ. ಆಮೇಲೆ ಒಂದು ರೌಂಡ್ ಹೋಗೋಣ, ಮಾತಾಡೋಣ.”

ಅವಳು ಚಹಾವನ್ನು ಬೆಂಚಿನ ಮೇಲಿರಿಸಿ, ಟೊಪ್ಪಿಯನ್ನು ಅದರ ಸಾಸರಿನಲ್ಲಿಟ್ಟು ಹೋದಳು. ಚಹಾ ಆರಿತು. ಅದರ ಮೇಲೆ ಕೆನೆ ಕಟ್ಟುವುದನ್ನು ನೋಡಲೂ ಅವನಿಗೆ ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಭಾವಮೈದುನ ಬಂದ. ವ್ಯಾನನ್ನು ಗೇಟಿನ ಪಕ್ಕಕ್ಕೆ ಒತ್ತಿ ನಿಲ್ಲಿಸಿ, ಹಣ್ಣೊಂದನ್ನು ಕಚ್ಚುತ್ತ ಶೆಡ್ಡಿಗೆ ಇಣುಕಿದ.

“ಏನ್ ಭಾವ, ಓಡುತ್ತಾ?”

“ಓಡೋದು ದೊಡ್ಡ ವಿಷಯ ಅಲ್ಲ. ನಿಲ್ಲೋದು ಕಷ್ಟ.”

“ನಮ್ಮ ವ್ಯಾನ್ ಎರಡೂ ಮಾಡುತ್ತಪ್ಪ,” ಎಂದು ಅವನು ಅಕ್ಕನ ಪೆಟ್ಟಿಗೆಗಳನ್ನು ಹೊರಲು ಹೋದ. ಪ್ಲಾಸ್ಟರಿನ ದವಡೆಗಳು ತುಂಬಿದ ಪೆಟ್ಟಿಗೆಗಳು ಒಂದೊಂದಾಗಿ ಅಂಗಳ ದಾಟಿದವು. ಒಳಗೆ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಅವನು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದ. ಎಂಜಿನ್ ಏರಿದಂತೆಲ್ಲ ಮೂರು ಬಾಗಿಲುಗಳನ್ನು ಸ್ವಲ್ಪ ಮುಚ್ಚಿದ. ಆಮೇಲೆ ನಾಲ್ಕನ್ನೂ ಒಟ್ಟಿಗೆ ಇನ್ನಷ್ಟು ಮುಚ್ಚಿದ. ಸಂಜೆಯ ಬಿಸಿಲು ಗೋಡೆಯ ಮೇಲೆ ಹತ್ತುವ ಹೊತ್ತಿಗೆ ಎಂಜಿನ್ ತಣ್ಣಗೆ ಕುಳಿತಿತು. ಎಂಜಿನ್ ವೇಗ ತೋರಿಸುವ ಮುಳ್ಳು ಅಲುಗಲಿಲ್ಲ. ನಾಲ್ಕು ಬಾಯಿಗಳಲ್ಲೂ ಒಂದೇ ಸದ್ದು. ಖುಷಿಗೆ ಅವನ ಕಣ್ಣು ಒದ್ದೆಯಾಯಿತು.

“ಬಾ! ಬೇಗ ಬಾ, ಕೂತಿತು!”

ಅವಳು ಚಪ್ಪಲಿ ಮೆಟ್ಟಿಕೊಂಡೇ ಇದ್ದಳು. ಬಂದು ಪಕ್ಕದ ಸೀಟಿನಲ್ಲಿ ಕುಳಿತು, ಬೆಲ್ಟ್ ಹಾಕಿಕೊಂಡಳು. ಅದನ್ನು ಕಂಡು ಅವನ ಎದೆ ಹಗುರಾಯಿತು. ಗೇಟಿನಾಚೆಯ ತಿರುವು ದಾಟಿದ ಮೇಲೆ ಹೇಳಿಬಿಡುವುದು. ರಸ್ತೆ ನೋಡುತ್ತ ಹೇಳಿದರೆ ಮುಖ ನೋಡಬೇಕಾಗಿಲ್ಲ.

ಗೇರ್ ಹಾಕಿದ. ಆಕ್ಸಿಲರೇಟರ್ ಒತ್ತಿದರೆ ಇಷ್ಟು ಕಷ್ಟಪಟ್ಟು ಕೂರಿಸಿದ ಹದ ಕೆಟ್ಟೀತೆಂದು ಹೆದರಿ, ಕಾಲನ್ನು ಅದರ ಮೇಲೆ ಸುಮ್ಮನೆ ಇಟ್ಟುಕೊಂಡೇ ಕ್ಲಚ್ ಬಿಟ್ಟ. ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಇನ್ನೊಮ್ಮೆ. ಮತ್ತೂ ಒಮ್ಮೆ. ಮೂರನೆಯ ಸಲ ಅವಳ ತಲೆ ಮುಂದಕ್ಕೆ ವಾಲಿ ಹಿಂದೆ ಬಂತು.

“ಒಂದು ನಿಮಿಷ,” ಎಂದ. “ಒಂದೇ ಒಂದು ಸ್ಕ್ರೂ...”

ಅವಳು ಕಾದಳು. ಅವನು ಬಾಯಿ ತೆರೆಯುವುದನ್ನೂ ಮತ್ತೆ ಡ್ಯಾಶ್‌ಬೋರ್ಡ್ ಕಡೆ ತಿರುಗುವುದನ್ನೂ ನೋಡಿದಳು. ಬೆಲ್ಟ್ ಬಿಚ್ಚಿ, ಅದು ಬಾಗಿಲಿಗೆ ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿದಳು.

“ಊಟ ಮುಚ್ಚಿಟ್ಟಿದ್ದೀನಿ,” ಎಂದಳು. “ಸದ್ದು ಚೆನ್ನಾಗಿದೆ ಈಗ. ನಿಜವಾಗ್ಲೂ.”

ವ್ಯಾನಿನ ಬಾಗಿಲು ಒಂದೇ ಏಟಿಗೆ ಹಾಕಿಕೊಂಡಿತು. ಒಂದೇ ಏಟಿಗೆ ಅದು ಹೊರಟೂ ಹೋಯಿತು.

ಅವನು ಮತ್ತೆ ಕೀಲಿ ತಿರುಗಿಸಿದ. ಎಂಜಿನ್ ವಿಧೇಯವಾಗಿ ಗುನುಗಿತು. ಒಣಗಿದ ಗಂಟಲಿಗೆ ಆರಿದ ಚಹಾವಾದರೂ ಆದೀತೆಂದು ಇಳಿದು ಬೆಂಚಿಗೆ ಕೈಚಾಚಿದಾಗ ಸಾಸರಿನಲ್ಲಿ ಆ ಕಪ್ಪು ಟೊಪ್ಪಿ ಕಂಡಿತು.

ನಿನ್ನೆ ಗಾಳಿಯೆಳೆತ ಅಳೆಯುವ ಮೀಟರ್ ಜೋಡಿಸಲೆಂದು ಮೊದಲನೆಯ ಥ್ರಾಟಲ್ ಬಾಡಿಯ ಹಿಂದಿನ ನಳಿಗೆಯಿಂದ ಅವನೇ ಕಿತ್ತದ್ದು. ಮೀಟರ್ ತೆಗೆದ ಮೇಲೆ ಹಾಕಲು ಮರೆತಿದ್ದ. ಇಡೀ ದಿನ ಆ ತೂತಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳನುಗ್ಗಿತ್ತು. ಕೆಟ್ಟಿದ್ದು ಆಧಾರವೇ. ಅದಕ್ಕೆ ಸರಿಹೊಂದಲೆಂದು ಅವನು ಸರಿಯಿದ್ದ ಮೂರನ್ನೂ ಕೆಡಿಸಿದ್ದ.

ಟೊಪ್ಪಿ ಹಾಕಿದ. ಎಂಜಿನ್ ತಕ್ಷಣ ಸತ್ತಿತು.

ತೆಗೆದು ಕೀಲಿ ತಿರುಗಿಸಿದ. ಗುನುಗಿತು. ಎಲ್ಲ ಬಾಗಿಲುಗಳನ್ನೂ ಅವನು ಮುಚ್ಚುತ್ತ ಬಂದಿದ್ದ. ಇಷ್ಟು ಹೊತ್ತು ಅದು ಬದುಕಿದ್ದದ್ದು ಆ ಒಂದು ತೂತಿನಿಂದ.

ಅವನು ಬಗ್ಗಿ ತೂತಿನ ಮೇಲೆ ತೋರುಬೆರಳಿಟ್ಟ. ಬೆರಳ ತುದಿಯನ್ನು ಅದು ಗಬಕ್ಕನೆ ಎಳೆದು ಹಿಡಿದುಕೊಂಡಿತು.

“ಬೇಡ,” ಎಂದ. ಶೆಡ್ಡಿನಲ್ಲಿ ಯಾರೂ ಇಲ್ಲದ್ದರಿಂದ ಮಾತು ಸ್ಪಷ್ಟವಾಗಿ, ಒಂದಿಷ್ಟೂ ತಡವರಿಸದೆ ಬಂತು. “ಹೋಗಬೇಡ.”

ಎಂಜಿನ್ ಕುಗ್ಗತೊಡಗಿತು. ಬೆರಳು ತೆಗೆದರೆ ಬದುಕುತ್ತದೆ, ತೆಗೆಯದಿದ್ದರೆ ಸಾಯುತ್ತದೆ, ತರ್ಕದಲ್ಲಿ ಲೋಪವಿರಲಿಲ್ಲ. ಆದಾಗ್ಯೂ, ಅವನ ಬೆರಳನ್ನು ಇಷ್ಟು ಗಟ್ಟಿಯಾಗಿ ಯಾರಾದರೂ ಹಿಡಿದು ಎಷ್ಟೋ ಕಾಲವಾಗಿತ್ತು. ಕಾರು ಮೈಯೆಲ್ಲ ನಡುಗಿಸುತ್ತ ಕೆಮ್ಮಿತು. ಅವನು ಬೆರಳು ತೆಗೆಯಲಿಲ್ಲ.