ಹನ್ನೊಂದು ಹೂವಿನ ಗಿಡ

ಅಲಮಾರಿಯ ಮೇಲೆ ಜಾಗವಿರಲಿಲ್ಲ. ಮಂಚದ ಕೆಳಗೆ ಸೂಟ್‌ಕೇಸುಗಳಿದ್ದವು. ಡ್ರೈವರ್ ಗಿಡದ ಕುಂಡವನ್ನು ಎದೆಗವಚಿಕೊಂಡು ಮನೆಯೊಳಗೆ ಎರಡು ಸುತ್ತು ಹಾಕಿದ. ಕೆಳಗೆ ಬೀದಿಯಲ್ಲಿ ಆಸ್ಪತ್ರೆಯ ಗಾಡಿ ಹಿಂದಕ್ಕೆ ಬರುತ್ತಿರುವ ಕೀಂಕೀಂ ಸದ್ದು. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಸದ್ದಿನಲ್ಲೇ ತಿಳಿಯಿತು: ಇನ್ನು ನಾಲ್ಕು ಅಡಿ ಬಂದರೆ ಗೇಟು, ಅಲ್ಲಿ ನಿಲ್ಲಿಸುತ್ತಾರೆ, ಅವಳನ್ನು ಇಳಿಸುತ್ತಾರೆ.

"ಅಪ್ಪಾ, ಅಮ್ಮ ಬಂದ್ಲು," ಎಂದು ಮಗಳು ಮೆಟ್ಟಿಲಿನಿಂದ ಕರೆದಳು.

"ಬಂದೆ, ಬಂದೆ."

ಸ್ನಾನದ ಮನೆಯಲ್ಲಿ ವಾಷಿಂಗ್ ಮಷೀನು ಬಾಯಿ ತೆರೆದುಕೊಂಡು ಕೂತಿತ್ತು. ಕುಂಡವನ್ನು ಅದರ ಹೊಟ್ಟೆಯೊಳಗೆ ಕೂರಿಸಿ, ಜೋಲುಬಿದ್ದ ನಾಲ್ಕು ಎಲೆಗಳನ್ನು ಒಳಕ್ಕೆ ಸರಿಸಿ, ಬಾಗಿಲು ಮುಚ್ಚಿದ. ಗಾಜಿನಲ್ಲಿ ಒಂದು ಎಲೆ ನಾಲಿಗೆ ಚಾಚಿದ ಹಾಗೆ ಕಂಡಿತು. ಅದರ ಮೇಲೊಂದು ಟವೆಲ್ ಇಳಿಬಿಟ್ಟು ಹೆಂಡತಿಯನ್ನು ಒಳಗೆ ಕರೆದುಕೊಳ್ಳಲು ಹೋದ.

ಡಿಪೋದಲ್ಲಿ ಅವನಿಗೆ ಬಂಡಲ್ ಡ್ರೈವರ್ ಅಂತಲೇ ಹೆಸರು. ಅವನು ಹೇಳಿದ್ದರಲ್ಲಿ ಮುಕ್ಕಾಲು ಸುಳ್ಳು, ಉಳಿದ ಕಾಲುಭಾಗ ಬೇರೆಯವರ ಸುಳ್ಳು ಎಂದು ಅಲ್ಲಿ ನಗುತ್ತಿದ್ದರು. ಆದರೆ ಅಷ್ಟು ವರ್ಷ ಬಿಟ್ಟ ಬಂಡಲುಗಳಲ್ಲಿ ಒಂದನ್ನೂ ಅವನು ಹೀಗೆ ಮುಚ್ಚಿಡಬೇಕಾಗಿ ಬಂದಿರಲಿಲ್ಲ.

ಹಾಲಿನಲ್ಲಿ ಅವಳು ಕೆಲಸ ಮಾಡುತ್ತಿದ್ದ ಹೋಟೆಲಿನ ಲಾಂಡ್ರಿಯ ಹೆಂಗಸರು ಐದಾರು ಜನ ಆಗಲೇ ಬಂದಿದ್ದರು. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಇಸ್ತ್ರಿ ಅಕ್ಕ ಎಂದು. ಅವರಲ್ಲಿ ಶೀಟು ಮಡಿಸುವವಳು ಮೊದಲು ನೋಡಿದ್ದು ಮುಖವನ್ನಲ್ಲ, ದೇಹಕ್ಕೆ ಹೊದಿಸಿದ್ದ ಬಟ್ಟೆಯನ್ನು.

"ಇಷ್ಟು ಸುಕ್ಕಿರೋ ಶೀಟಾ? ಅಕ್ಕ ಎದ್ದು ಬೈತಾಳೆ," ಎಂದಳು.

ಯಾರೂ ಬೇಡವೆನ್ನಲಿಲ್ಲ. ಒಬ್ಬಳು ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ಊಟದ ಮೇಜಿನ ಮೇಲೆ ಹೊಸ ಶೀಟೊಂದನ್ನು ತಿಕ್ಕಿ, ಇಬ್ಬರು ನಾಲ್ಕು ಮೂಲೆ ಹಿಡಿದು ಗಾಳಿಗೆ ಒದರಿ, ಬಿಸಿ ಆರುವ ಮೊದಲೇ ಅವಳ ಮೇಲೆ ಹರಡಿದರು. ಆಗ ಮಡಿಸುವವಳು ಅತ್ತಳು.

ಮೂಗೊರೆಸಿಕೊಂಡು ಕಿಟಕಿಯ ಕಡೆ ನೋಡಿದವಳು ಕೇಳಿದಳು, "ಅಣ್ಣ, ಗಿಡ ಎಲ್ಲಿ?"

"ಯಾವ ಗಿಡ?"

"ಯಾವ್ದು ಅಂದ್ರೆ? ಹನ್ನೊಂದು ಹೂ ಬಿಟ್ಟಿದ್ಯಲ್ಲ, ಆ ಆರ್ಕಿಡ್. ಆಸ್ಪತ್ರೇಲಿ ಅಕ್ಕನ ಬಾಯಲ್ಲಿ ಅದೊಂದೇ ಮಾತು."

"ಮಾಳಿಗೆ ಮೇಲಿಟ್ಟಿದೀನಿ. ಜನ ಜಾಸ್ತಿ ಆದ್ರೆ ಅದಕ್ಕೆ ಉಸಿರು ಕಟ್ಟುತ್ತೆ."

ನಾದಿನಿ ಅಕ್ಕನ ತಲೆದೆಸೆಯಲ್ಲಿ ಕೂತಿದ್ದಳು. "ಒಂದು ಹೂ ಕಿತ್ತು ತನ್ನಿ ಭಾವ. ಅವಳ ಕೈಲಿಡೋಣ. ಹನ್ನೊಂದರಲ್ಲಿ ಒಂದು ಹೋದ್ರೆ ಗಿಡ ಬಡವಾಗಲ್ಲ."

"ತರ್ತೀನಿ. ಬೀಗದ ಕೈ ಎಲ್ಲೋ ಇಟ್ಟಿದೀನಿ. ಹುಡುಕ್ತೀನಿ."

ಹುಡುಕುವವನ ಹಾಗೆ ಜೇಬು ಮುಟ್ಟಿಕೊಳ್ಳುತ್ತ ಬಾಗಿಲಿಗೆ ಬಂದರೆ ಹೊಸ್ತಿಲ ಆಚೆ ಒಬ್ಬ ಕುಳ್ಳ ಮನುಷ್ಯ ನಿಂತಿದ್ದ. ಸೈಕಲ್ ಚೈನಿಗೆ ಸಿಗದಿರಲೆಂದು ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪು, ಉಗುರಿನ ಸಂದಿಯಲ್ಲಿ ಮಣ್ಣು. ಡ್ರೈವರ್ ಅವನನ್ನು ನೋಡಿದ್ದು ಅದೇ ಮೊದಲು. ಆದರೂ ಗುರುತು ಸಿಕ್ಕಿತು. ಇವನೇ.

"ನಾನು ನರ್ಸರಿಯವನು," ಎಂದ ಆ ಮನುಷ್ಯ.

"ಗೊತ್ತು. ಮೇಷ್ಟ್ರು."

*

ಆ ಗಿಡ ಮನೆಗೆ ಬಂದದ್ದು ದಿಂಬಿನ ಚೀಲದಲ್ಲಿ. ಹೋಟೆಲಿನವರು ಹೂ ಉದುರಿದ ಆರ್ಕಿಡ್‌ಗಳನ್ನು ಹಿಂಬಾಗಿಲ ಕಸದ ಡಬ್ಬಿಗೆ ಎಸೆಯುತ್ತಿದ್ದರು. ಒಂದು ಸಂಜೆ ಅವಳು ಅದರಲ್ಲೊಂದನ್ನು ಎತ್ತಿಕೊಂಡು ಬಂದಳು. ಎಲೆಗಳು ಮುದುಕಿಯ ಕೆನ್ನೆಯಂತೆ ಸುಕ್ಕಾಗಿದ್ದವು. ಸುಕ್ಕು ಕಂಡರೆ ಅವಳಿಗಾಗುತ್ತಿರಲಿಲ್ಲ. ಬಾಯಾರಿದೆ ಪಾಪ ಎಂದು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ನೀರು ಹಾಕಿದಳು. ಹದಿನೈದು ದಿನಕ್ಕೆ ಎಲೆಗಳು ಇನ್ನೂ ಜೋತುಬಿದ್ದವು.

ಎರಡು ಬಸ್ಸು ಬದಲಾಯಿಸಿ ನರ್ಸರಿಗೆ ಹೊತ್ತುಕೊಂಡು ಹೋದವಳು ಬಂದದ್ದು ಕತ್ತಲಾಗುವ ಹೊತ್ತಿಗೆ.

"ಇದು ನೀರಿಲ್ಲದೆ ಸೊರಗಿದ್ದಲ್ಲ ರೀ. ನೀರು ಹೆಚ್ಚಾಗಿ ಬೇರೆಲ್ಲ ಕೊಳೆತಿದೆ. ಬೇರೇ ಇಲ್ಲ ಅಂದ್ಮೇಲೆ ಕುಡಿಯೋದು ಹೆಂಗೆ? ನೀರಲ್ಲೇ ನಿಂತ್ಕೊಂಡು ಬಾಯಾರ್ತಾ ಇತ್ತು ನೋಡಿ."

"ಯಾರು ಹೇಳಿದ್ದು?"

"ನರ್ಸರಿಯವ್ರು. ಪಾಠ ಮಾಡೋ ಹಾಗೆ ಮಾತಾಡ್ತಾರೆ, ಅದಕ್ಕೆ ನಾನು ಮೇಷ್ಟ್ರು ಅಂತೀನಿ."

ಮೆತ್ತಗಾದ ಬೇರುಗಳನ್ನು ಕತ್ತರಿಸಿದಾಗ ಉಳಿದದ್ದು ಎರಡು. ಒದ್ದೆ ಮಾಡಿ ಹಿಂಡಿದ ಪಾಚಿಯ ಮೇಲೆ ಗಿಡವನ್ನು ಕೂರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನೇರ ಬಿಸಿಲು ಬೀಳದ ಕಿಟಕಿಯಲ್ಲಿಟ್ಟಳು. ಮೂರು ತಿಂಗಳಿಗೆ ಹೆಸರುಕಾಳಿನಷ್ಟು ಹೊಸ ಬೇರು ಮೂಡಿತು. ಆಮೇಲೆ ತೊಗಟೆ ಚೂರು ತುಂಬಿದ ಪಾರದರ್ಶಕ ಕುಂಡ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ನೀರಲ್ಲಿಟ್ಟು, ಪೂರ್ತಿ ಸೋರಿಸಿ ಎತ್ತಿಡುವುದು. ಎಲೆ ಕೂಡುವ ನೆತ್ತಿಗೆ ಹನಿ ಬಿದ್ದರೆ ತಕ್ಷಣ ಬಟ್ಟೆಯಿಂದ ಒತ್ತುವುದು. ಎರಡನೇ ವರ್ಷ ಐದು ಬಿಳಿ ಹೂ ಬಿಟ್ಟಿತು.

ಮದುವೆಯಾದಾಗಿನಿಂದ ಮಾತು ಅವನದು, ಹೂಂಗುಟ್ಟುವುದು ಅವಳದು. ಈಗ ಅವಳು ಬೇರಿನ ವಿಷಯ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಭಾನುವಾರ ಬಂದರೆ ನರ್ಸರಿ. ಅಕ್ಕಪಕ್ಕದವರು ಸಂಜೆ ಬರುತ್ತಿದ್ದದ್ದು ಅವನ ಬಸ್ಸಿನ ಕತೆಗೆ. ಅದು ಅವನ ಹೆಸರುವಾಸಿ ಕತೆ: ಇಳಿಜಾರಿನಲ್ಲಿ ಬ್ರೇಕು ಹೋಗಿದೆ, ನಲವತ್ತೆರಡು ಜನ ಕೂತಿದ್ದಾರೆ, ಡ್ರೈವರ್ ಕೂಗುತ್ತಾನೆ, ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ ಎಂದು. ಒಂದು ದಿನ ಸರಿಯಾಗಿ ಅಲ್ಲಿಗೆ ಬಂದಾಗ ಪಕ್ಕದ ಮನೆಯವಳು, "ಅಕ್ಕ, ಹೊಸ ಮೊಗ್ಗು ಬಂತಾ?" ಎಂದಳು. ಎಲ್ಲರೂ ಎದ್ದು ಕಿಟಕಿಗೆ ಹೋದರು. ಬಸ್ಸು ಇಳಿಜಾರಿನಲ್ಲೇ ಉಳಿಯಿತು.

"ನಿನ್ನ ಮೇಷ್ಟ್ರಿಗೆ ಮನೆಮಠ ಇಲ್ವಾ?" ಎಂದು ಅವನು ರಾತ್ರಿ ಊಟಕ್ಕೆ ಕೂತಾಗ ಕೇಳಿದ.

"ಇದೆ. ಅಲ್ಲೂ ಗಿಡ ಇದೆ."

"ನನ್ನ ಕತೆಗೆ ಬೆಲೆ ಇಲ್ಲ ಈ ಮನೇಲಿ."

"ದಿನಾ ಸುರಿದ್ರೆ ಬೇರು ಕೊಳೆಯುತ್ತೆ ರೀ," ಎಂದು ಅವಳು ನಕ್ಕಳು. ಅವನು ಕೈ ತೊಳೆದುಕೊಂಡು ಎದ್ದ.

*

ಬೀಗದ ಕೈ ಸಿಗಲಿಲ್ಲ. ಗಾಡಿಯವರು ಹೊತ್ತಾಯಿತು ಎಂದರು. ನಾದಿನಿ ಇನ್ನೊಂದು ಸಲ ಭಾವನ ಮುಖ ನೋಡಿ, ಅಕ್ಕನ ಕೈಯನ್ನು ಶೀಟಿನೊಳಕ್ಕೆ ಸರಿಸಿದಳು. ವರ್ಷಗಟ್ಟಲೆ ಬಿಸಿ ತಾಗಿ ನುಣುಪಾಗಿದ್ದ ಅಂಗೈ. ಅದು ಖಾಲಿ ಹೋಯಿತು.

ಸ್ಮಶಾನದಲ್ಲಿ ಮೇಷ್ಟ್ರು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಡ್ರೈವರ್ ಮೂರು ಸಲ ತಿರುಗಿ ನೋಡಿದ. ಮೂರನೇ ಸಲ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಿನಗೇನಯ್ಯ ಅಳೋಕೆ ಹಕ್ಕು ಎಂದು ಕೇಳಬೇಕೆನ್ನಿಸಿತು.

*

ಆಸ್ಪತ್ರೆ ಸೇರಿದ ಮಾರನೇ ದಿನ ಅವಳು ಊಟ ಮಾಡಿದ್ರಾ ಎಂದು ಕೇಳಲಿಲ್ಲ. "ಗಿಡ ಹೇಗಿದೆ?" ಎಂದಳು.

"ಚೆನ್ನಾಗಿದೆ. ನೀರು ಹಾಕ್ದೆ."

ಹಾಕಿರಲಿಲ್ಲ. ಮನೆಗೆ ಬಂದು ಕಿಟಕಿಯ ಮುಂದೆ ನಿಂತು ಗಿಡಕ್ಕೆ ಹೇಳಿದ: "ನಿನ್ನನ್ನೇ ಕೇಳ್ತಾಳೆ ಅವಳು. ಒಂದು ವಾರ ಉಪವಾಸ ಇರು, ಬುದ್ಧಿ ಬರುತ್ತೆ." ಒಂದು ವಾರ ಎರಡಾಯಿತು. ಮೂರನೆಯ ವಾರ ಎಲೆ ಮೆತ್ತಗಾಗಿ ಸುಕ್ಕು ಬಿದ್ದಾಗ ಅವನಿಗೆ ಹೆದರಿಕೆ ಹತ್ತಿತು. ಆಮೇಲೆ ನೀರು ಹಾಕಲೂ ಹೆದರಿಕೆ, ಮುಟ್ಟಲೂ ಹೆದರಿಕೆ. ಕಿಟಕಿಯ ಪರದೆ ಎಳೆದುಬಿಟ್ಟ.

ಇತ್ತ ಆಸ್ಪತ್ರೆಯಲ್ಲಿ ಗಿಡ ಚೆನ್ನಾಗಿ ಬೆಳೆಯಿತು. ಮೊದಲು ಒಂದು ಮೊಗ್ಗು ಬಂತು, ಆಮೇಲೆ ಮೂರು. ಐದನೆಯ ವಾರ ಅವಳಿಗೆ ದಿಂಬಿನಿಂದ ತಲೆ ಎತ್ತಲಾಗುತ್ತಿರಲಿಲ್ಲ. ಆವತ್ತು ಅವನು ಮಾತಲ್ಲೇ ಹನ್ನೊಂದು ಹೂ ಅರಳಿಸಿದ.

"ಯಾವ ಬಣ್ಣ?"

"ಬಿಳಿ. ಅಂಚಲ್ಲಿ ಸ್ವಲ್ಪ ನೀಲಿ ತಿರುಗಿದೆ."

ಅವಳು ಕಣ್ಣು ಮುಚ್ಚಿದಳು. ಭುಜ ಅಲುಗಿತು. ನೋವೆಂದುಕೊಂಡು ಅವನು ನರ್ಸನ್ನು ಕೂಗಿದ.

"ಏನಿಲ್ಲ," ಎಂದಳು. "ನಾಳೆನೂ ಬನ್ನಿ. ಎಷ್ಟಾಯ್ತು ಹೇಳಿ."

*

ಸ್ಮಶಾನದಿಂದ ಬಂದ ಮೇಲೆ ಮಗಳು ಟೀ ಮಾಡಿದಳು. ಶೀಟು ಮಡಿಸುವವಳಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಆಸ್ಪತ್ರೆಯಿಂದ ಬಂದ ಬಟ್ಟೆಯನ್ನೆಲ್ಲ ಬಾಚಿ ಸ್ನಾನದ ಮನೆಗೆ ಹೋದಳು. ಡ್ರೈವರ್ ಲೋಟ ಕೆಳಗಿಟ್ಟು ಏಳುವಷ್ಟರಲ್ಲಿ ಮಷೀನಿನ ಬಾಗಿಲು ತೆರೆದ ಸದ್ದಾಯಿತು.

"ಅಣ್ಣ," ಎಂದಳು ಅಲ್ಲಿಂದಲೇ. "ಇದನ್ನೂ ಒಗೆಯೋಕೆ ಹಾಕಿದೀರಾ?"

ಕುಂಡ ಹಾಲಿಗೆ ಬಂತು. ಎಲ್ಲರೂ ನೋಡಿದರು. ಹೂವೂ ಇಲ್ಲ, ಹೂವಿನ ಕಡ್ಡಿಯೂ ಇಲ್ಲ. ನಾಲ್ಕು ಸುಕ್ಕು ಎಲೆ, ಕುಂಡದ ಗೋಡೆಗೆ ಅಂಟಿಕೊಂಡ ಬೂದು ಬೇರು.

"ಹನ್ನೊಂದು ಹೂ ಎಲ್ಲಿ ಭಾವ?" ಎಂದಳು ನಾದಿನಿ.

ಡ್ರೈವರ್ ಜೋತ ಎಲೆಯೊಂದನ್ನು ಬೆರಳಿನಿಂದ ಎತ್ತಿಹಿಡಿದ. ಬಿಟ್ಟ ಕೂಡಲೇ ಅದು ಮತ್ತೆ ಜೋತುಬಿತ್ತು.

"ನಮ್ಮಕ್ಕ ಅದನ್ನ ನಂಬ್ಕೊಂಡೇ ಹೋದ್ಲಲ್ಲ. ಸಾಯೋವಳಿಗೂ ಬಂಡಲ್ ಬಿಡ್ಬೇಕಿತ್ತಾ?"

"ನಂಬಿರಲಿಲ್ಲ," ಎಂದರು ಮೇಷ್ಟ್ರು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದವರ ಕಡೆ ಎಲ್ಲರೂ ತಿರುಗಿದರು.

"ಕಡ್ಡಿ ಮೂಡಿ ಮೊಗ್ಗು ಹೂವಾಗೋಕೆ ತಿಂಗಳುಗಟ್ಟಲೆ ಬೇಕು ಅಂತ ಅವ್ರಿಗೆ ಗೊತ್ತಿಲ್ವಾ? ಗಿಡ ಒಣಗ್ತಿದೆ ಅಂತ ಮೂರು ಮೊಗ್ಗು ಅಂದ ದಿನಾನೇ ತಿಳ್ಕೊಂಡ್ರು. ನೀಲಿ ಅಂಚು ಅಂದಿದ್ದಕ್ಕೆ ನಕ್ಕು ನಕ್ಕು ಹೊಟ್ಟೆ ನೋವು ಬಂತಂತೆ."

"ನಿಮಗ್ಯಾವಾಗ ಹೇಳಿದ್ಲು?" ಡ್ರೈವರ್ ಅವರ ಕಡೆ ಒಂದು ಹೆಜ್ಜೆ ಇಟ್ಟ. "ಆಸ್ಪತ್ರೆಗೆ ಬರ್ತಿದ್ರಾ?"

"ಇಲ್ಲ. ಬೆಳಿಗ್ಗೆ ಫೋನ್ ಮಾಡೋರು. ಮನೆಗೆ ಹೋಗಿ ನೋಡ್ಕೊಂಡು ಬರ್ಲಾ ಅಂದೆ. ಬೇಡ, ನೀವು ಹೋದ್ರೆ ಕತೆ ನಿಂತ್ಹೋಗುತ್ತೆ ಅಂದ್ರು. ಎಲ್ಲಾ ಮುಗಿದ್ಮೇಲೆ ಬೇಕಾದ್ರೆ ಹೋಗಿ, ನೀರು ಹಾಕೋದು ಕಲಿಸಿ ಅಂದ್ರು."

ಮೇಷ್ಟ್ರು ಎದ್ದು ಕುಂಡವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬೇರು ಗಟ್ಟಿಯಾಗಿದೆ. ಕೊಳೆತಿಲ್ಲ, ಬರೀ ಒಣಗಿದೆ. ಒಂದು ಬೇಸಿನ್ ಕೊಡಿ."

"ನೀವು ಮುಟ್ಬೇಡಿ," ಎಂದು ಡ್ರೈವರ್ ಕುಂಡವನ್ನು ಕಿತ್ತುಕೊಂಡ. "ಬಾಯಲ್ಲಿ ಹೇಳಿ."

ಮೇಷ್ಟ್ರು ಬಾಯಲ್ಲೇ ಹೇಳಿದರು. ನೀರು ಮಣಿಕಟ್ಟಿಗೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಕುಂಡದ ಅಂಚಿನವರೆಗೆ ಸಾಕು, ನೆತ್ತಿ ನೆನೆಯಬಾರದು. ಡ್ರೈವರ್ ಬೇಸಿನನ್ನು ಹಾಲಿನ ನಡುವೆ ಇಟ್ಟು, ಬೆಳಿಗ್ಗೆ ಅವಳು ಮಲಗಿದ್ದ ಜಾಗದ ಪಕ್ಕ ಕಾಲು ಮಡಚಿ ಕೂತ. ಒಂದು ಕೈ ಬೇಸಿನಿನ ಅಂಚಿನ ಮೇಲೇ ಇತ್ತು.

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ. ಅಕ್ಕ ಗಡಿಯಾರ ನೋಡ್ತಿರ್ಲಿಲ್ಲ. ನಿಮ್ಮ ಬಸ್ಸಿನ ಕತೆ ಶುರು ಮಾಡೋರು. ಬಸ್ಸು ನಿಂತಾಗ ಎತ್ತೋರು."

"ಅವಳು ಕತೆ ಹೇಳ್ತಿದ್ಲಾ?"

"ಭಾನುವಾರ ಬಂದ್ರೆ ಗಿಡದ ಮಾತು ಐದು ನಿಮಿಷ. ಉಳಿದದ್ದೆಲ್ಲ ನಿಮ್ಮ ಬಸ್ಸು. ನನ್ನ ಆಳುಗಳೆಲ್ಲ ಕೆಲಸ ಬಿಟ್ಟು ಸುತ್ತ ಕೂತ್ಕೊಳ್ಳೋರು. ನಿಜ ಹೇಳ್ಬೇಕಂದ್ರೆ ನನಗೇ ಹೊಟ್ಟೆ ಉರೀತಿತ್ತು. ಎಲ್ಲಾರೂ ವಾಲಿದ್ರೂ ಬಸ್ಸು ನಿಲ್ಲಲ್ಲ ಅನ್ನೋ ಜಾಗದಲ್ಲಿ ಒಬ್ರೂ ಉಸಿರು ಬಿಡ್ತಿರ್ಲಿಲ್ಲ."

"ಯಾಕೆ ನಿಲ್ಲಲ್ಲ? ನಲವತ್ತೆರಡು ಜನ ವಾಲಿದ್ರೆ ನಿಲ್ಲುತ್ತೆ."

"ಅಕ್ಕನ ಕತೇಲಿ ನಿಲ್ಲಲ್ಲ. ಕೊನೇ ಸೀಟಲ್ಲಿ ಒಬ್ಬಳು ಹೆಂಗಸು ಇರ್ತಾಳಲ್ಲ, ಇಸ್ತ್ರಿ ಮಾಡಿದ ಬಟ್ಟೆ ಗಂಟು ತೊಡೆ ಮೇಲಿಟ್ಕೊಂಡು. ಅವಳು ಎದ್ದ ಮೇಲೇ ನಿಲ್ಲೋದು."

"ನನ್ನ ಕತೇಲಿ ಹೆಂಗಸೇ ಇಲ್ಲ," ಎಂದ ಡ್ರೈವರ್.

ಮಗಳು ಟೀ ಲೋಟ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ಲಾಂಡ್ರಿಯ ಹೆಂಗಸರೂ ಒಬ್ಬೊಬ್ಬರಾಗಿ ಹತ್ತಿರ ಸರಿದರು.

"ಹೇಳಿ," ಎಂದ ಡ್ರೈವರ್. "ಮೊದಲಿಂದ ಹೇಳಿ. ಆ ಹೆಂಗಸು ಯಾವ ಸ್ಟಾಪಲ್ಲಿ ಹತ್ತಿದ್ಲು?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಡ್ರೈವರ್ ಬೇಸಿನಿನ ಅಂಚು ಬಿಡದೆ ತಲೆ ಬಗ್ಗಿಸಿ, ಅವಳ ಹಾಗೆಯೇ, ಹೂಂ ಎಂದ. ನೀರಿನೊಳಗೆ ಬೂದು ಬಣ್ಣದ ಬೇರೊಂದು ತುದಿಯಿಂದ ಮೇಲಕ್ಕೆ ಹಸಿರಾಗುತ್ತ ಬರುತ್ತಿತ್ತು.